ಟಿಕೆಟ್ ಕೇಳೋರಿಲ್ಲದ ಊರಲ್ಲಿ

ನಮ್ಮೂರ ಬಸ್ಸಲ್ಲಿ ಟಿಕೆಟ್ ನಮ್ಮನ್ನೇ ಹುಡುಕಿಕೊಂಡು ಬರುತ್ತೆ. ಎಷ್ಟೇ ರಶ್ ಇರಲಿ, ಕಂಡಕ್ಟರ್ ನುಗ್ಗಿಕೊಂಡು ಬಂದು "ಯಾರ್ರೀ ಟಿಕೆಟ್?" ಅಂತಾರೆ. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಡ್ತಾರೆ. ನಮ್ಮ ಮೆಟ್ರೋದಲ್ಲಾದರೆ ಗೇಟೇ ತಡೆಯುತ್ತೆ. ಮ್ಯೂನಿಕ್‌ನ ಯು-ಬಾನ್‌ನಲ್ಲಿ ಕಂಡಕ್ಟರೂ ಇಲ್ಲ, ಗೇಟೂ ಇಲ್ಲ. ಮೆಟ್ಟಿಲಿಳಿದರೆ ನೇರ ಪ್ಲಾಟ್‌ಫಾರ್ಮ್.

ಬಂದ ಎರಡನೇ ವಾರ ನಾನು ಹತ್ತು ಪಟ್ಟಿಯ ಸ್ಟ್ರೈಫನ್‌ಕಾರ್ಟೆ ಕೊಂಡು, ಜೇಬಲ್ಲಿಟ್ಟುಕೊಂಡು ರೈಲು ಹತ್ತಿದೆ. ಮೊದಲು ಅದನ್ನು ಪುಟ್ಟ ಡಬ್ಬಿಯೊಳಗೆ ತೂರಿಸಿ ಸ್ಟಾಂಪ್ ಹಾಕಿಸಬೇಕು ಅಂತ ಗೊತ್ತಿರಲಿಲ್ಲ. ಎದುರಿಗೆ ಜೀನ್ಸ್ ತೊಟ್ಟು ಕೂತಿದ್ದವನು ಎದ್ದು ಗುರುತಿನ ಚೀಟಿ ತೋರಿಸಿದ. ದಂಡ 60 ಯೂರೊ.

ದಂಡಕ್ಕಿಂತ ಬೇಜಾರಾಗಿದ್ದು ಆಮೇಲೆ ನಮ್ಮವರಿಂದಲೇ ಸಿಕ್ಕ ಸಲಹೆ: "ಚೆಕಿಂಗ್ ಬರೋದೇ ಅಪರೂಪ ಕಣೋ, ಪಾಸ್ ತಗೊಳ್ಳೋದಕ್ಕಿಂತ ದಂಡ ಕಟ್ಟೋದೇ ಲಾಭ."

ಈ ಲೆಕ್ಕ ತಪ್ಪು. ಬೇಕೆಂದೇ ಟಿಕೆಟ್ ಇಲ್ಲದೆ ಓಡಾಡೋದು ಜರ್ಮನ್ ದಂಡಸಂಹಿತೆಯ 265ಎ ಕಲಮಿನ ಪ್ರಕಾರ ಅಪರಾಧ. ಒಂದು ವರ್ಷದವರೆಗೆ ಜೈಲಾಗಬಹುದು. ವೀಸಾ ಮೇಲೆ ಇರುವವರಿಗೆ ಇದು ಹುಡುಗಾಟವಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಗೇಟ್ ಇಲ್ಲದ್ದರಿಂದಲೇ ಮಗುವಿನ ಗಾಡಿ ತಳ್ಳುವ ತಾಯಿ, ವಾಕರ್ ಹಿಡಿದ ಅಜ್ಜ ಯಾರಿಗೂ ಕಾಯದೆ ಒಳಗೆ ಬರ್ತಾರೆ. ಊರು ನಮ್ಮೆಲ್ಲರ ಮೇಲೆ ಇಟ್ಟ ನಂಬಿಕೆ ಅದು. ನಾಲ್ಕು ಕಾಸು ಉಳಿಸಲು ಅದನ್ನು ಕೆಡಿಸೋದು ಜಾಣತನ ಅಂತ ನನಗೆ ಅನಿಸಲ್ಲ.

ಹಾಗಂತ ಸಿಕ್ಕಿಬಿದ್ದವರೆಲ್ಲ ಕಳ್ಳರೂ ಅಲ್ಲ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾದ ಡಾಯ್ಚ್‌ಲಾಂಡ್ ಟಿಕೆಟ್ ಹೆಸರಲ್ಲೇ ಇಡೀ ದೇಶ ಇದೆ. ಆದರೆ ಐಸಿಇ ರೈಲಿಗೆ ಅದು ನಡೆಯಲ್ಲ. ಹೊಸದಾಗಿ ಬಂದವರಿಗೆ ಇದನ್ನು ಯಾರು ಹೇಳಬೇಕು? ಹೆಸರಿರುವ ಪಾಸನ್ನು ಮನೇಲಿ ಮರೆತು ಸಿಕ್ಕಿಬಿದ್ದರೆ, ಒಂದು ವಾರದೊಳಗೆ ಕೌಂಟರಿನಲ್ಲಿ ತೋರಿಸಿದರೆ 60ರ ಬದಲು 7 ಯೂರೊಗೆ ಮುಗಿಯುತ್ತೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಹೇಳಬೇಕಾದವರು ಮೊದಲೇ ಬಂದ ನಾವು. ಹೊಸಬರ ಸ್ವಾಗತಕ್ಕೆ ಪ್ರತಿವರ್ಷ ಬಿಸಿಬೇಳೆಬಾತ್ ಮಾಡ್ತೀವಿ, ಹಾಡು ಹಾಡ್ತೀವಿ. ಈ ಸಲ ಊಟಕ್ಕೆ ಮುಂಚೆ ಅರ್ಧ ಗಂಟೆ ಅವರನ್ನು ಸ್ಟೇಷನ್ನಿಗೆ ಕರ್ಕೊಂಡು ಹೋಗೋಣ. ಮಷಿನ್ ಮುಂದೆ ನಿಂತು, ಯಾವ ಬಟನ್ ಒತ್ತಬೇಕು, ಎಲ್ಲಿ ಸ್ಟಾಂಪ್ ಹಾಕಿಸಬೇಕು ಅಂತ ಕನ್ನಡದಲ್ಲಿ ತೋರಿಸೋಣ. "ಯಾರೂ ಚೆಕ್ ಮಾಡಲ್ಲ" ಅನ್ನೋ ಪಾಠ ಮಾತ್ರ ನಮ್ಮಿಂದ ಅವರಿಗೆ ಹೋಗದಿರಲಿ.