ಸನ್ಮಾನಪತ್ರವೇ ಸಾಕ್ಷ್ಯಚಿತ್ರವೆ?

ಹೊರನಾಡಿನ ನಮ್ಮ ಸಂಘಸಂಸ್ಥೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಸಂಪ್ರದಾಯ ಬೇರೂರಿದೆ. ಬೆಳ್ಳಿಹಬ್ಬವೋ ಅಭಿನಂದನ ಸಮಾರಂಭವೋ ಬಂತೆಂದರೆ ಸ್ಮರಣಸಂಚಿಕೆಯ ಜೊತೆಗೆ ಒಂದು 'ಸಾಕ್ಷ್ಯಚಿತ್ರ'ವೂ ಸಿದ್ಧವಾಗಬೇಕು. ಉದ್ಯಮಿಯೋ ಸಾಹಿತಿಯೋ ಸೋಫಾದ ಮೇಲೆ ಕುಳಿತಿರುತ್ತಾರೆ. ಹಿನ್ನೆಲೆಯಲ್ಲಿ ಕೊಳಲು. ತುಂಬುಕಂಠದ ನಿರೂಪಕರೊಬ್ಬರು ಬಾಲ್ಯದ ಬಡತನದಿಂದ ಇಂದಿನ ವೈಭವದವರೆಗಿನ ಕಥೆಯನ್ನು ಒಂದು ವಿಶೇಷಣವನ್ನೂ ಬಿಡದೆ ಓದುತ್ತಾರೆ. ಅನಂತರ ಗಣ್ಯರ ಹೊಗಳಿಕೆ. ಎಲ್ಲ ಮುಗಿದಾಗ, ಆ ವ್ಯಕ್ತಿ ಮನೆಯಲ್ಲಿ ಹೇಗಿರುತ್ತಾರೆ, ಯಾರೊಡನೆ ಹೇಗೆ ಮಾತಾಡುತ್ತಾರೆ, ಯಾವ ಮಾತಿಗೆ ಸುಮ್ಮನಾಗುತ್ತಾರೆ ಎಂಬುದೊಂದೂ ನಮಗೆ ತಿಳಿದಿರುವುದಿಲ್ಲ. ಇದು ಸನ್ಮಾನಪತ್ರಕ್ಕೆ ಚಿತ್ರ ಅಂಟಿಸಿದ ಕೆಲಸ. ಇದನ್ನು ಸಾಕ್ಷ್ಯಚಿತ್ರವೆಂದು ಕರೆಯುವುದನ್ನು ನಾನು ವಿರೋಧಿಸುತ್ತೇನೆ. ಸಾಕ್ಷಿ ಎಂದರೆ ಕಂಡದ್ದನ್ನು ಹೇಳುವವನು, ವಕಾಲತ್ತು ವಹಿಸುವವನಲ್ಲ.

ವಿರೋಧಿಸಿದರೆ ಸಾಲದು, ಬೇರೆ ದಾರಿಯುಂಟೆಂದು ತೋರಿಸಬೇಕು. ಅಮೆರಿಕದ ಆಲ್ಬರ್ಟ್ ಮೇಸಲ್ಸ್ (1926-2015) ಆ ದಾರಿಯಲ್ಲಿ ನಡೆದವರು. ಮನಶ್ಶಾಸ್ತ್ರ ಕಲಿಸುತ್ತಿದ್ದ ಅವರು 1955ರಲ್ಲಿ ಸೋವಿಯತ್ ರಷ್ಯಾದ ಮಾನಸಿಕ ಚಿಕಿತ್ಸಾಲಯಗಳನ್ನು ಚಿತ್ರಿಸುವುದರೊಂದಿಗೆ ಈ ಕ್ಷೇತ್ರಕ್ಕೆ ಬಂದರು. ಮುಂದೆ ಕ್ಯಾಮೆರಾ ಅವರ ಹೆಗಲ ಮೇಲೆ, ಧ್ವನಿಮುದ್ರಣ ಯಂತ್ರ ತಮ್ಮ ಡೇವಿಡ್ ಕೈಯಲ್ಲಿ. 1987ರಲ್ಲಿ ಡೇವಿಡ್ ತೀರಿಕೊಳ್ಳುವವರೆಗೂ ಇದೇ ಜೋಡಿ. ಇವರ ಹೆಸರಾಂತ ಚಿತ್ರಗಳಲ್ಲಿ ನಿರೂಪಕನ ದನಿಯಿಲ್ಲ, ತೀರ್ಪಿಲ್ಲ. ಎದುರಿಗಿದ್ದವರ ಬದುಕು ತಾನಾಗಿ ತೆರೆದುಕೊಳ್ಳುವವರೆಗೆ ಕಾಯುವ ತಾಳ್ಮೆಯೇ ಇವರ ಬಂಡವಾಳ.

ಪ್ರಸಿದ್ಧರನ್ನು ಇವರು ಹೇಗೆ ಕಂಡರು? 1966ರ ಚಿತ್ರವೊಂದರಲ್ಲಿ ನಟ ಮರ್ಲನ್ ಬ್ರಾಂಡೊ ತನ್ನದೇ ಸಿನಿಮಾದ ಪ್ರಚಾರಕ್ಕೆಂದು ಪತ್ರಕರ್ತರ ಮುಂದೆ ಕುಳಿತು, ಆ ಪ್ರಚಾರವನ್ನೇ ಗೇಲಿ ಮಾಡುತ್ತಾನೆ. 'ಗಿಮ್ಮಿ ಶೆಲ್ಟರ್' (1970) ಚಿತ್ರದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್ ತಮ್ಮ ಕಛೇರಿಯ ನಡುವೆ ನಡೆದ ಕೊಲೆಯ ದೃಶ್ಯವನ್ನು ಸಂಕಲನದ ಮೇಜಿನ ಮುಂದೆ ಕುಳಿತು ನೋಡಬೇಕಾಗುತ್ತದೆ. ಲಕ್ಷಾಂತರ ಜನರ ಆರಾಧ್ಯದೈವ ಅಲ್ಲಿ ಮಾತು ಸಿಗದ ಒಬ್ಬ ಯುವಕ ಮಾತ್ರ.

ಸಾಮಾನ್ಯರನ್ನು? 1969ರ 'ಸೇಲ್ಸ್‌ಮನ್' ನೋಡಿ. ಮನೆಮನೆಗೆ ಹೋಗಿ ಬೈಬಲ್ ಮಾರುವ ನಾಲ್ವರ ಕಥೆ. ಸುಮಾರು ಐವತ್ತು ಡಾಲರಿನ ಆ ಗ್ರಂಥವನ್ನು ಕೊಳ್ಳಲಾರದ ಮನೆಗಳಿಗೇ ಅವರು ಅದನ್ನು ಮಾರಬೇಕು. ಒಂದು ಮನೆಯಲ್ಲಿ ವ್ಯಾಪಾರದ ಮಾತು ನಡೆಯುತ್ತಿರುವಾಗಲೇ ಮನೆಯೊಡೆಯ ಬೀಟಲ್ಸ್‌ರ ಹಾಡೊಂದರ ವಾದ್ಯರೂಪದ ತಟ್ಟೆ ಹಾಕಿ ಕೂರುತ್ತಾನೆ. ಆ ಬೀಟಲ್ಸ್‌ರನ್ನೇ 1964ರಲ್ಲಿ ಬೆನ್ನುಹತ್ತಿ ಚಿತ್ರಿಸಿದವರು ಈ ಸೋದರರು. ಕೀರ್ತಿವಂತರಿಗೆ ಕೊಟ್ಟಷ್ಟೇ ಗಮನವನ್ನು ಅವರ ಹಾಡು ಕೇಳುವ ಮನೆಗೂ ಕೊಟ್ಟರು. ವ್ಯಾಪಾರ ಕುದುರದೆ ಸೋಲುತ್ತಿರುವ ಪಾಲ್ ಕೊನೆಗೆ ಪರಊರಿನ ಬಾಗಿಲ ಬಳಿ ಹೊರಗೆ ನೋಡುತ್ತ ನಿಲ್ಲುತ್ತಾನೆ. ಪರಊರಿನಲ್ಲಿ ಹೊಟ್ಟೆಪಾಡು ಕಂಡ ನಮಗೆ ಆ ನೋಟವನ್ನು ಯಾರೂ ವಿವರಿಸಬೇಕಿಲ್ಲ.

ಇದು ಪರರ ಬದುಕಿಗೆ ಇಣುಕುವ ಚಾಳಿಯಲ್ಲವೆ ಎಂಬ ಆಕ್ಷೇಪವುಂಟು, ಅದು ಹಗುರವಾದುದಲ್ಲ. ಪಾಳುಬಿದ್ದ ಬಂಗಲೆಯಲ್ಲಿ ಬದುಕುತ್ತಿದ್ದ ತಾಯಿಮಗಳನ್ನು ತೋರಿಸಿದ 'ಗ್ರೇ ಗಾರ್ಡನ್ಸ್' (1975) ಚಿತ್ರಕ್ಕೂ ಈ ಟೀಕೆ ತಪ್ಪಲಿಲ್ಲ. ನಮ್ಮ ಮುಂಬಯಿಯ ಕೊಳೆಗೇರಿ ನಿವಾಸಿಗಳನ್ನು ಕುರಿತು ಆನಂದ್ ಪಟವರ್ಧನ್ ಮಾಡಿದ 'ಹಮಾರಾ ಶಹರ್' (1985) ಚಿತ್ರದಲ್ಲಿ ಹೆಂಗಸೊಬ್ಬಳು ಕ್ಯಾಮೆರಾದವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ: ಬಡವರ ಚಿತ್ರ ತೆಗೆದು ನೀವು ಹೆಸರು ಮಾಡುವಿರಿ, ನಮಗೇನು ಎಂಬುದು ಅವಳ ಸಿಟ್ಟಿನ ತಿರುಳು. ಪಟವರ್ಧನ್ ಆ ಬೈಗಳನ್ನು ಕತ್ತರಿಸಲಿಲ್ಲ. ಆಕ್ಷೇಪಕ್ಕೆ ನನ್ನ ಉತ್ತರ ಇಲ್ಲಿಯೇ ಇದೆ. ಚಿತ್ರಿಸಿಕೊಂಡವರಿಗೆ ಚಿತ್ರಿಸಿದವರನ್ನು ಪ್ರಶ್ನಿಸುವ ಹಕ್ಕು ಉಳಿದಿದ್ದರೆ ಅದು ಸಾಕ್ಷ್ಯ. ಹೊಗಳಿಕೆಗೆ ಮಾತ್ರ ಅವಕಾಶವಿರುವಲ್ಲಿ ಸನ್ಮಾನಿತರೂ ಬರಿಯ ಬೊಂಬೆಗಳೇ.

ಸಾಧಕರ ಚಿತ್ರ ಎಳೆಯರಿಗೆ ಆದರ್ಶವಲ್ಲವೆ ಎಂದೂ ಕೇಳಬಹುದು. ಆಗಲಿ. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಮೇಲೊಂದು ಸಾಕ್ಷ್ಯಚಿತ್ರ ಮಾಡಿದ್ದರಿಂದ, 1981ರಲ್ಲಿ ಕಣ್ಮರೆಯಾದ ಕವಿಯನ್ನು ಆ ಮೇಲೆ ಹುಟ್ಟಿದವರೂ ಕಾಣಬಹುದಾಗಿದೆ. ಪ್ರಸಿದ್ಧರನ್ನು ಬಿಡಿ ಎಂಬುದು ನನ್ನ ವಾದವಲ್ಲ. ಅವರನ್ನು ಮನುಷ್ಯರಾಗಿ ತೋರಿಸಿ, ಅವರಷ್ಟೇ ಶ್ರದ್ಧೆಯಿಂದ ಉಳಿದವರನ್ನೂ ತೋರಿಸಿ ಎಂಬುದು.

ಈ ಉಳಿದವರು ಯಾರು? ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ತಟ್ಟೆ ತೊಳೆದು ಇರುಳಿನಲ್ಲಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತವರು. ಆ ಶಾಲೆಗಳಲ್ಲಿ ಅನೇಕವು ಮುಚ್ಚಿವೆ. ಅವರಿಗೆ ಕಲಿಸಿದ ಮಾಸ್ತರರು, ಚಾಳಿನ ಒಂದೇ ಕೋಣೆಯಲ್ಲಿ ಊರಿನಿಂದ ಬಂದವರಿಗೆಲ್ಲ ಅನ್ನವಿಕ್ಕಿದ ತಾಯಂದಿರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ತುಳುವಿಗೆ ಮರಾಠಿ ಬೆರೆಸಿ, ಹಿಂದಿಗೆ ಕನ್ನಡ ಬೆರೆಸಿ ಅವರು ಆಡಿದ ಮಾತು ಯಾವ ಸ್ಮರಣಸಂಚಿಕೆಯಲ್ಲಿಯೂ ಅಚ್ಚಾಗುವುದಿಲ್ಲ.

ಮೇಸಲ್ಸ್ ಸೋದರರ ಕಾಲದಲ್ಲಿ ಫಿಲ್ಮು ದುಬಾರಿ. ಇಂದು ನಮ್ಮ ಮಕ್ಕಳ ಜೇಬಿನಲ್ಲಿಯೇ ಕ್ಯಾಮೆರಾ ಇದೆ. ಇಲ್ಲದಿರುವುದು ಕಾಯುವ ತಾಳ್ಮೆ, ಕೇಳುವ ವಿನಯ. ಸಂಘಗಳ ಕಾರ್ಯಕಾರಿ ಸಮಿತಿಗಳಿಗೆ ನನ್ನ ಒತ್ತಾಯವಿಷ್ಟೆ: ಬರುವ ವರ್ಷದ ಅಭಿನಂದನ ಚಿತ್ರದ ಹಣದಲ್ಲಿ ಅರ್ಧವನ್ನು, ಯಾವ ಶಾಲನ್ನೂ ಹೊದೆಯದ ಒಬ್ಬ ಹಿರಿಯರ ಮುಂದೆ ಮೌನವಾಗಿ ಕುಳಿತುಕೊಳ್ಳಬಲ್ಲ ತರುಣನೊಬ್ಬನಿಗೆ ಕೊಡಿ. ಕೊಳಲು ಬೇಡ, ನಿರೂಪಕರು ಬೇಡ. ಹಿರಿಯರೇ ಮಾತಾಡಲಿ, ಬೈದರೆ ಅದನ್ನೂ ಉಳಿಸಿಕೊಳ್ಳೋಣ.