‘ಇಂಪರ್ಟಿನೆಂಟ್’ ಎಂಬ ಶಬ್ದದ ವಿಷಯವಾಗಿ

ಶಾಲೆಯಿಂದ ಮನೆಗೆ ಹೋಗುವ ಕಾಗದಗಳಲ್ಲಿ ಹೆಣ್ಣುಮಕ್ಕಳ ನಡತೆಯನ್ನು ಕುರಿತು ಬರೆಯುವಾಗ ಇಂಗ್ಲಿಷಿನ ಒಂದು ಗುಣವಾಚಕವನ್ನು ಉಪಾಧ್ಯಾಯಿನಿಯರು ಧಾರಾಳವಾಗಿ ಪ್ರಯೋಗಿಸುವುದನ್ನು ನಾವು ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ಅದು ‘ಇಂಪರ್ಟಿನೆಂಟ್’ ಎಂಬ ಶಬ್ದ. ತಡವಾಗಿ ಬಂದವಳೂ ಇಂಪರ್ಟಿನೆಂಟ್, ಕೇಳಿದ್ದಕ್ಕೆ ಉತ್ತರ ಕೊಡದೆ ನಿಂತವಳೂ ಇಂಪರ್ಟಿನೆಂಟ್, ಉತ್ತರ ಕೊಟ್ಟವಳಂತೂ ಎರಡು ಪಟ್ಟು ಇಂಪರ್ಟಿನೆಂಟ್! ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಉಪಾಧ್ಯಾಯಿನಿಯರಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶಾಲೆಗಳಲ್ಲಿ ಕೆಲಸಮಾಡುತ್ತಿದ್ದಾರೆ. ಆ ಕಾಗದಗಳನ್ನು ಕೈಗೆ ತೆಗೆದುಕೊಳ್ಳಬೇಕಾದ ಪೋಷಕರೂ ಈ ಸಂಚಿಕೆಯನ್ನು ಓದುವರು. ಆದುದರಿಂದ ಈ ಶಬ್ದದ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಅರಿಕೆಮಾಡಿಕೊಳ್ಳುವುದು ಉಚಿತವೆಂದು ತೋರಿತು.

ಶಬ್ದದ ಮೂಲವು ಲ್ಯಾಟಿನ್ ಭಾಷೆಯದು. ಅಲ್ಲಿ ‘ಪರ್ಟಿನೆರೆ’ ಎಂದರೆ ಒಂದು ವಿಷಯಕ್ಕೆ ಸಂಬಂಧಪಟ್ಟಿರುವುದು. ನಿಷೇಧಾರ್ಥದ ಉಪಸರ್ಗ ಸೇರಿದರೆ, ಸಂಬಂಧಪಡದಿರುವುದು. ಇಂಗ್ಲಿಷಿಗೆ ಬಂದ ಮೊದಲಲ್ಲಿ ಅದಕ್ಕಿದ್ದ ಅರ್ಥವು ಇಷ್ಟೇ, ಅದರಲ್ಲಿ ನಿಂದೆಯಿರಲಿಲ್ಲ. ನ್ಯಾಯಸ್ಥಾನದ ಬರಹಗಳಲ್ಲಿ ವ್ಯಾಜ್ಯಕ್ಕೆ ಸಂಬಂಧಿಸದ ಮಾತನ್ನು ಇಂದಿಗೂ ಇದೇ ಶಬ್ದದಿಂದ ಕರೆಯುವುದುಂಟು. 17ನೆಯ ಶತಮಾನದ ಹೊತ್ತಿಗೆ, ತನಗೆ ಸಂಬಂಧಪಡದ ಕಡೆ ತಲೆಹಾಕಿ, ತನ್ನ ಸ್ಥಾನವನ್ನು ಮೀರಿ ಮಾತನಾಡುವವರಿಗೂ ಅದು ಅನ್ವಯಿಸತೊಡಗಿತು. ಕನ್ನಡಿಗರಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ‘ಅಧಿಕಪ್ರಸಂಗ’ವೂ ಇದೇ ಹಾದಿಯಲ್ಲಿ ನಡೆದುಬಂದಿದೆ. ಪ್ರಸಂಗಕ್ಕೆ ಎಷ್ಟು ಮಾತು ಬೇಕೋ ಅದಕ್ಕಿಂತ ಅಧಿಕವಾದದ್ದು ಅಧಿಕಪ್ರಸಂಗ. ಮೊಮ್ಮಗಳನ್ನು “ಅಧಿಕಪ್ರಸಂಗಿ!” ಎಂದು ಗದರಿಸುವ ಅರಕಲಗೂಡಿನ ಅಜ್ಜಿಯು, ತಾನರಿಯದೆಯೇ, ಆ ಲ್ಯಾಟಿನ್ ಶಬ್ದವನ್ನು ಬಹು ಚೆನ್ನಾಗಿ ಭಾಷಾಂತರಿಸಿರುತ್ತಾಳೆ. ಗದರಿಸುವಾಗ ಆಕೆಯ ಮುಖದಲ್ಲಿ ಅರ್ಧ ನಗು ಇರುವುದನ್ನೂ ಗಮನಿಸಬೇಕು.

ಇದರ ಸಂಗಡ ಬೆರಕೆಯಾಗುವ ಬೇರೆ ಶಬ್ದಗಳಿವೆ. ‘ರೂಡ್’ ಎಂಬುದಕ್ಕೆ ಮೂಲದಲ್ಲಿ ಕೆತ್ತನೆ ಕಾಣದ, ಹಸಿಯಾದ, ಒರಟಾದ ವಸ್ತು ಎಂದರ್ಥ. ಅದಕ್ಕೆ ಎದುರಾದ ‘ಪೊಲೈಟ್’ ಎಂಬುದು ಉಜ್ಜಿ ನುಣುಪುಮಾಡಿದ್ದು. ನಾವೂ ಒರಟು ಎನ್ನುತ್ತೇವೆ, ನಯ ಎನ್ನುತ್ತೇವೆ. ಬಡಗಿಯ ಹಲಗೆಗೂ ಮನುಷ್ಯನ ಮಾತಿಗೂ ಅದೇ ಶಬ್ದ. ‘ಇಂಪ್ಯುಡೆಂಟ್’ ಎಂದರೆ ನಾಚಿಕೆಯಿಲ್ಲದ್ದು; ಇದು ಹೆಣ್ಣುಮಗಳ ಮೇಲೆ ಹೊರಿಸಬಾರದಷ್ಟು ಭಾರವಾದ ಮಾತು. ‘ಇನ್ಸೊಲೆಂಟ್’ ಎಂಬುದರಲ್ಲಿ ಎದುರಿನವರನ್ನು ತೃಣವಾಗಿ ಕಾಣುವ ಸೊಕ್ಕು ಸೇರಿದೆ; ಉದ್ಧಟತನವೆಂದರೆ ಅದೇ. ನಾಲ್ಕು ಶಬ್ದಗಳು, ನಾಲ್ಕು ತೂಕಗಳು. ಅಂಗಡಿಯವನು ನಾಲ್ಕಕ್ಕೂ ಒಂದೇ ಕಲ್ಲನ್ನಿಟ್ಟು ತೂಗಿದರೆ ನಾವು ಸುಮ್ಮನಿರುವೆವೇ? 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಪ್ರಕಟಿಸಿದ ರೀವ್ ಮಿಷನೆರಿಗಳೂ, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಕಿಟ್ಟೆಲ್ ಪಂಡಿತರೂ ಇಂಥ ತೂಕಗಳಿಗಾಗಿಯೇ ವರ್ಷಗಟ್ಟಲೆ ಶ್ರಮಪಟ್ಟರು.

ಇನ್ನೊಂದು ಭೇದವು ಇದಕ್ಕಿಂತ ಮುಖ್ಯ. ‘ರೂಡ್’ ಎಂಬುದು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಸಲ್ಲುತ್ತದೆ. ಹುಡುಗಿಯೂ ರೂಡ್ ಆಗಬಹುದು, ಮುಖ್ಯೋಪಾಧ್ಯಾಯಿನಿಯೂ ಆಗಬಹುದು. ‘ಇಂಪರ್ಟಿನೆಂಟ್’ ಎಂಬುದು ಹಾಗಲ್ಲ. ಹಿರಿಯರು ಕಿರಿಯರಿಗೆ, ಯಜಮಾನರು ಆಳಿಗೆ, ಉಪಾಧ್ಯಾಯಿನಿಯು ವಿದ್ಯಾರ್ಥಿನಿಗೆ ಹೇಳುವುದೇ ಅದರ ರೂಢಿ. ಅಧಿಕಪ್ರಸಂಗಿ ಎಂದು ತಹಸೀಲ್ದಾರರಿಗೆ ಹೇಳಿದವರನ್ನು ನಾವು ಕಂಡಿಲ್ಲ. ಹೀಗೆ ಒಂದೇ ಕಡೆಗೆ ಇಳಿಯುವ ಶಬ್ದವನ್ನು ಕೈಯಲ್ಲಿ ಹಿಡಿದವರು, ಮಾತು ತಪ್ಪಿತೋ ಅಥವಾ ನಮ್ಮ ಮನಸ್ಸಿಗೆ ನೊಂದಿತೋ ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಇದರಿಂದಾಗುವ ಅನರ್ಥವು ಕೇವಲ ವ್ಯಾಕರಣದ್ದಲ್ಲ. ಬೇರೊಂದು ಊರಿನ ಶಾಲೆಯಲ್ಲಿ, ಹೆಸರು ಬೇಡ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕರಿಹಲಗೆಯ ಮೇಲಿನ ಲೆಕ್ಕದಲ್ಲಿ ಒಂದು ಮೆಟ್ಟಿಲು ತಪ್ಪಿದೆಯೆಂದು ಎದ್ದುನಿಂತು ಹೇಳಿದಳು. ಲೆಕ್ಕವು ನಿಜವಾಗಿಯೂ ತಪ್ಪಾಗಿತ್ತು. ವರ್ಷದ ನಡುವಣ ಅಂಕಪಟ್ಟಿಯಲ್ಲಿ ಅವಳ ನಡತೆಯ ಎದುರಿಗೆ ಆ ಇಂಗ್ಲಿಷ್ ಶಬ್ದ ಬಂತು. ತಂದೆಗೆ ಇಂಗ್ಲಿಷ್ ಬಾರದು. ಸಂತೆಯ ದಿನ ಅಂಗಡಿಯಲ್ಲಿ ಯಾರಿಗೋ ತೋರಿಸಿದನು. ಓದಿದವರು, ತಮಗೆ ತಿಳಿದಷ್ಟು ಇಂಗ್ಲಿಷಿನಲ್ಲಿ, “ಮಗಳು ಮಾನಗೆಟ್ಟು ನಡೆಯುತ್ತಾಳೆ ಅಂತ ಬರೆದವ್ರೆ” ಎಂದುಬಿಟ್ಟರು. ಅದೂ ನಾಲ್ಕು ಜನರ ಮುಂದೆ. ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಹೋಗಲಿಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಕುಳಿತಳು. ವರನನ್ನು ಹುಡುಕುವ ಮಾತೂ ನಡೆಯಿತು. ಸೋದರತ್ತೆಯೊಬ್ಬಾಕೆ, ನಮ್ಮ ಹಳೆಯ ವಿದ್ಯಾರ್ಥಿನಿ, ಆ ಕಾಗದವನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದುದರಿಂದ ವಿಷಯ ತಿಳಿಯಿತು. ತಂದೆಯನ್ನು ಕರೆಸಿ ಶಬ್ದದ ಅರ್ಥವನ್ನು ಹೇಳಿದಾಗ ಅವನು ಬಹಳ ಹೊತ್ತು ಮಾತನಾಡಲಿಲ್ಲ. “ಲೆಕ್ಕ ತಪ್ಪಿತ್ತು ಅಂದಳಾ? ಅಷ್ಟೇನಾ?” ಎಂದು ಮಾತ್ರ ಕೇಳಿದನು.

ಹಳ್ಳಿಯಿಂದ ಬರುವ ಮಕ್ಕಳ ಏಕವಚನವೂ ಇದೇ ಬಲೆಗೆ ಬೀಳುತ್ತದೆ. ಐದನೆಯ ತರಗತಿಗೆ ಹೊಸದಾಗಿ ಸೇರಿದ ಮಗು “ನೀನೇ ಹೇಳಿದ್ದೆಯಲ್ಲ ಮಿಸ್” ಎಂದರೆ ಕೆಲವು ಉಪಾಧ್ಯಾಯಿನಿಯರ ಮುಖ ಕೆಂಪಾಗುತ್ತದೆ. ಆ ಮಗು ಅವ್ವನನ್ನು ನೀನು ಎನ್ನುತ್ತದೆ, ಅಜ್ಜಿಯನ್ನು ನೀನು ಎನ್ನುತ್ತದೆ. ತನಗೆ ಹತ್ತಿರವಾದವರ ಸಾಲಿನಲ್ಲಿ ನಿಮ್ಮನ್ನೂ ಸೇರಿಸಿದೆ. ನಾವು ಪ್ರತಿದಿನವೂ ಪ್ರಾರ್ಥನೆಯಲ್ಲಿ ಪರಲೋಕದ ತಂದೆಯನ್ನು ಏಕವಚನದಿಂದಲೇ ಸಂಬೋಧಿಸುತ್ತೇವಲ್ಲವೇ? ಬಹುವಚನವನ್ನು ಕಲಿಸಬೇಕು, ಸಂದೇಹವಿಲ್ಲ. ಅದು ಪಾಠದ ವಿಷಯ, ನಡತೆಯ ಅಂಕಣದ ವಿಷಯವಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಶಬ್ದಗಳ ಅರ್ಥವನ್ನು ಕಲಿಸಲು ಕಲ್ಲುಗಳೇ ಇವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಿಕ್ಕಬೆಟ್ಟದ ಮೇಲೆ, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿಯು 1123ರಲ್ಲಿ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಬಸದಿಯೆಂದು ಹೆಸರು. ‘ಉದ್ವೃತ್ತ ಸವತಿ ಗಂಧವಾರಣೆ’ ಎಂಬುದು ಆ ರಾಣಿಯ ಬಿರುದು: ಉದ್ವೃತ್ತರಾದ ಸವತಿಯರಿಗೆ ಮದ್ದಾನೆಯಂಥವಳು. ವೃತ್ತವೆಂದರೆ ನಡತೆ, ಅದರ ಎಲ್ಲೆಯನ್ನು ಮೀರಿದವರು ಉದ್ವೃತ್ತರು. ಇದನ್ನು ಇಂಗ್ಲಿಷಿಗೆ ತರಬೇಕಾದರೆ ‘ಇನ್ಸೊಲೆಂಟ್’ ಎನ್ನಬಹುದು. ‘ಇಂಪರ್ಟಿನೆಂಟ್’ ಎಂದು ಬರೆದರೆ ಮದ್ದಾನೆಯನ್ನು ಇಲಿಯ ಮೇಲೆ ಬಿಟ್ಟಂತಾದೀತು. ಮಕ್ಕಳನ್ನು ಬೆಳಗೊಳಕ್ಕೆ ಕರೆದುಕೊಂಡು ಹೋಗುವ ಉಪಾಧ್ಯಾಯಿನಿಯರು ದೊಡ್ಡ ಬೆಟ್ಟವನ್ನು ಹತ್ತಿಸಿ ಹಿಂದಿರುಗಿಬಿಡುತ್ತಾರೆ. ಚಿಕ್ಕಬೆಟ್ಟಕ್ಕೂ ಒಂದು ಗಳಿಗೆ ಇರಲಿ.

ಹಾಗಾದರೆ ನಿಜವಾದ ಇಂಪರ್ಟಿನೆನ್ಸ್ ಇಲ್ಲವೇ? ಇದೆ. ಉಪಾಧ್ಯಾಯಿನಿಗೆ ಮದುವೆ ಏಕಾಗಲಿಲ್ಲ, ಸಂಬಳವೆಷ್ಟು, ಮನೆಯಲ್ಲಿ ಜಗಳವಾಯಿತೇ ಎಂದು ವಿದ್ಯಾರ್ಥಿನಿಯು ಕೇಳಿದರೆ, ಎಷ್ಟೇ ನಯವಾಗಿ, ಬಹುವಚನದಲ್ಲಿ, ಕೈಕಟ್ಟಿಕೊಂಡು ಕೇಳಿದರೂ ಅದು ಇಂಪರ್ಟಿನೆಂಟ್ ಆದ ಪ್ರಶ್ನೆಯೇ. ಅವಳಿಗೆ ಆ ವಿಷಯವು ಸಂಬಂಧಪಟ್ಟದ್ದಲ್ಲ. (ಹೊಳೆನರಸೀಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ತಾಯಿಯರು ಈ ಮೂರನ್ನೂ ಕೇಳುತ್ತಾರೆ, ಆದರೆ ಅದು ವಿಶ್ವಾಸ, ಅದರ ಲೆಕ್ಕವೇ ಬೇರೆ.) ಪಾಠಕ್ಕೆ ಸಂಬಂಧಿಸಿದ ಪ್ರಶ್ನೆಯಾದರೋ, ಎಷ್ಟೇ ಒರಟಾಗಿ ಬಂದರೂ, ಈ ಶಬ್ದದ ಅರ್ಥದೊಳಗೆ ಬರಲಾರದು. ಧ್ವನಿಯು ಒರಟಾಗಿದ್ದರೆ ಒರಟೆನ್ನಿ, ಪ್ರಶ್ನೆಯನ್ನು ಬಯ್ಯಬೇಡಿ. ಕಾನಾನ್ಯ ಸ್ತ್ರೀಯು ತನ್ನ ಮಗಳಿಗೋಸ್ಕರ ಕರ್ತನಿಗೇ ಮಾರುತ್ತರ ಕೊಟ್ಟಳು. ಶಿಷ್ಯರು ಆಕೆಯನ್ನು ಕಳುಹಿಸಿಬಿಡೆಂದರು. ಆತನಾದರೋ ಆಕೆಯ ನಂಬಿಕೆಯನ್ನು ಹೊಗಳಿದನು. ಬೃಹದಾರಣ್ಯಕದಲ್ಲಿ ಗಾರ್ಗಿಯು ಮೇಲಿಂದ ಮೇಲೆ ಕೇಳುತ್ತ ಹೋದಾಗ, ಅತಿಯಾಗಿ ಪ್ರಶ್ನಿಸಬೇಡವೆಂದು ಯಾಜ್ಞವಲ್ಕ್ಯನು ತಡೆದನು. ಅದೇ ಸಭೆಯಲ್ಲಿ ಆಕೆ ಪುನಃ ಎದ್ದು ಪ್ರಶ್ನೆ ಹಾಕಿದಳು. ಆತನು ಉತ್ತರವನ್ನೂ ಕೊಟ್ಟನು.

ಕೊನೆಯದಾಗಿ ಪೋಷಕರಲ್ಲಿ ಒಂದು ವಿಜ್ಞಾಪನೆ. ನಡತೆಯ ಅಂಕಣದಲ್ಲಿ ಗುಣವಾಚಕವನ್ನು ಬರೆಯುವ ಬದಲು ಹುಡುಗಿ ಏನು ಮಾಡಿದಳೆಂಬುದನ್ನು ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆಯಬೇಕೆಂದು ನಮ್ಮ ಉಪಾಧ್ಯಾಯಿನಿಯರಿಗೆ ತಿಳಿಸಿದ್ದೇವೆ. ಇಷ್ಟಾದರೂ ಅರ್ಥವಾಗದ ಶಬ್ದವೊಂದು ಕಾಗದದಲ್ಲಿ ಬಂದಿದ್ದರೆ, ದಯವಿಟ್ಟು ಸಂತೆಯಲ್ಲಿ ಓದಿಸಬೇಡಿ. ಯಾವ ಶನಿವಾರವಾದರೂ ಪಾಠಗಳು ಮುಗಿದ ಮೇಲೆ ಶಾಲೆಗೆ ಬಂದು ನಮ್ಮನ್ನೇ ಕೇಳಿ. ಮಗಳನ್ನೂ ಜೊತೆಯಲ್ಲಿ ಕರೆತನ್ನಿ.