ಮತ್ತೆ ಮತ್ತೆ ಮುರಿಯುವ ಎಲುಬಿಗೆ ಎಣ್ಣೆ ಮದ್ದಲ್ಲ

ಆಟವಾಡುವ ಮಗು ಬೀಳುತ್ತದೆ, ಒಮ್ಮೆ ಕೈಯೋ ಕಾಲೋ ಮುರಿಯುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಎರಡು ವರ್ಷ ತುಂಬುವುದರೊಳಗೆ ಅದೇ ಮಗುವಿನ ಎಲುಬು ಮೂರನೆಯ ಸಲ ಮುರಿದರೆ, ಅದೂ ಎಲ್ಲಿಂದಲೂ ಬೀಳದೆ ಬಟ್ಟೆ ಬದಲಿಸುವಾಗಲೇ ಮುರಿದರೆ, ಅದನ್ನೂ ಆಕಸ್ಮಿಕ ಎಂದು ಬಿಟ್ಟುಬಿಡುತ್ತೀರಾ?

ಅಂಥದೇ ಒಂದು ಮಗುವನ್ನು ಅದರ ಅಜ್ಜಿ ನನ್ನ ದವಾಖಾನೆಗೆ ಎತ್ತಿಕೊಂಡು ಬಂದಿದ್ದರು. ಹಿಂದಿನ ಎರಡು ಸಲವೂ ಊರಿನಲ್ಲಿ ಎಲುಬು ಕಟ್ಟುವವರ ಬಳಿ ಬಿದಿರಿನ ಪಟ್ಟಿ ಕಟ್ಟಿಸಿದ್ದರು. ಎಲುಬು ಕೂಡಿತ್ತು, ಆದರೆ ತೊಡೆ ಬಿಲ್ಲಿನಂತೆ ಬಾಗಿತ್ತು. "ಹಕೀಮ್ ಸಾಬ್, ಇವಳಿಗೆ ಮಗುವನ್ನು ಎತ್ತಿಕೊಳ್ಳಲು ಬರುವುದಿಲ್ಲ. ಎಲುಬು ಗಟ್ಟಿಯಾಗಲು ಒಂದು ಒಳ್ಳೆಯ ರೋಗನ್ ಕೊಡಿ" ಎಂದರು ಅಜ್ಜಿ. ಪಕ್ಕದಲ್ಲಿ ನಿಂತಿದ್ದ ಸೊಸೆ ತಲೆ ಎತ್ತಲಿಲ್ಲ. ನಾನು ಮಗುವಿನ ಕಣ್ಣು ನೋಡಿದೆ. ಬಿಳಿ ಇರಬೇಕಾದ ಭಾಗ ತಿಳಿನೀಲಿಯಾಗಿತ್ತು. ಆ ದಿನ ನಾನು ರೋಗನ್ ಕೊಡಲಿಲ್ಲ. ಮಕ್ಕಳ ಎಲುಬು ತಜ್ಞರಿಗೆ ಒಂದು ಚೀಟಿ ಬರೆದುಕೊಟ್ಟೆ.

ಆ ಮಗುವಿಗಿದ್ದದ್ದು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಗಾಜಿನಂತೆ ಮುರಿಯುವ ಎಲುಬಿನ ಕಾಯಿಲೆ. ಸುಮಾರು 15ರಿಂದ 20 ಸಾವಿರ ಹೆರಿಗೆಗಳಲ್ಲಿ ಒಂದು ಮಗುವಿಗೆ ಇದು ಬರುತ್ತದೆ. ಎಲುಬೆಂದರೆ ಬರೀ ಸುಣ್ಣವಲ್ಲ. ಒಳಗೆ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆಯಿದೆ, ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳ ಹಾಗೆ. ಈ ಮಕ್ಕಳಲ್ಲಿ ಹುಟ್ಟಿನಿಂದಲೇ ಆ ನಾರು ಕಡಿಮೆ ಇರುತ್ತದೆ, ಇಲ್ಲವೇ ಅದರ ರಚನೆಯೇ ಸರಿಯಿರುವುದಿಲ್ಲ. ಸರಳೇ ಸರಿಯಿಲ್ಲದಾಗ ಸಿಮೆಂಟ್ ಎಷ್ಟು ಸುರಿದರೇನು? ಹಾಲು, ಖರ್ಜೂರ, ಬಿಸಿಲು, ಕ್ಯಾಲ್ಸಿಯಂ ಎಲ್ಲವೂ ಈ ಮಗುವಿಗೆ ಬೇಕು. ಆದರೆ ಅವುಗಳಿಂದ ಮಾತ್ರ ಈ ಕಾಯಿಲೆ ಹೋಗುವುದಿಲ್ಲ.

ನಾನು ಯುನಾನಿ ಪದವಿ ಪಡೆದವನು. ನಮ್ಮ ಪದ್ಧತಿಯ ಬಗ್ಗೆ ನನಗೆ ಅಭಿಮಾನವಿದೆ. ಅದಕ್ಕಾಗಿಯೇ ಇದನ್ನು ಹೇಳುತ್ತಿದ್ದೇನೆ: ಈ ಮಗು ನನ್ನ ಚಿಕಿತ್ಸೆಗೆ ಸೇರಿದ್ದಲ್ಲ. ಗುರುತಿಸಿ, ತಡಮಾಡದೆ ಸರಿಯಾದ ಕೈಗೆ ಒಪ್ಪಿಸುವುದಷ್ಟೇ ನನ್ನ ಕೆಲಸ. ತಿಕ್ಕಿ ಮಾಲೀಸು ಮಾಡಿದರೆ ಈ ಎಲುಬು ಮತ್ತೆ ಮುರಿಯಬಹುದು. ಹತ್ತನೆಯ ಶತಮಾನದಲ್ಲಿ ಕೊರ್ದೋಬಾದ ಅಬುಲ್ ಖಾಸಿಂ ಅಲ್ ಝಹ್ರಾವಿಯವರು ಮೂವತ್ತು ಭಾಗಗಳ 'ಅತ್ತಸ್ರೀಫ್' ಬರೆದು, ಅದರ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟರು, ಉಪಕರಣಗಳ ಚಿತ್ರಗಳನ್ನೂ ಕೊಟ್ಟರು. ಅವರ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ಎಕ್ಸ್‌ರೇ ಎಂದರೆ ಹಿಂಜರಿಯುವುದು, ಆಪರೇಷನ್ ಎಂದರೆ ಓಡಿಹೋಗುವುದು ಸರಿಯೇ?

ಗುರುತಿಸುವುದು ಹೇಗೆ? ಸಣ್ಣ ಪೆಟ್ಟಿಗೆ ಅಥವಾ ಪೆಟ್ಟೇ ಇಲ್ಲದೆ ಎಲುಬು ಮತ್ತೆ ಮತ್ತೆ ಮುರಿಯುವುದು ಮೊದಲ ಗುರುತು. ಕಣ್ಣಿನ ಬಿಳಿಭಾಗ ನೀಲಿಯಾಗಿರಬಹುದು, ಹಲ್ಲು ಕಂದುಬಣ್ಣಕ್ಕಿದ್ದು ಬೇಗ ಸವೆಯಬಹುದು, ಕೀಲುಗಳು ಸಡಿಲವಿರಬಹುದು, ಮಗು ಗಿಡ್ಡಗಿರಬಹುದು, ಕೈಕಾಲು ಬಾಗಿರಬಹುದು. ಎಲ್ಲ ಗುರುತೂ ಎಲ್ಲರಲ್ಲಿ ಇರುವುದಿಲ್ಲ. ಕಣ್ಣು ಬೆಳ್ಳಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೂ ಅಲ್ಲ. ಕಾಲು ಬಾಗಿದ್ದನ್ನು ಕಂಡು 'ರಿಕೆಟ್ಸ್' ಎಂದುಕೊಳ್ಳುವವರೂ ಇದ್ದಾರೆ. ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್‌ನಲ್ಲಿ ರಕ್ತಪರೀಕ್ಷೆ ವ್ಯತ್ಯಾಸ ತೋರಿಸುತ್ತದೆ. ಈ ಕಾಯಿಲೆಯಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ತಜ್ಞರು ಎಕ್ಸ್‌ರೇಯಲ್ಲಿ ತೆಳುವಾದ ಎಲುಬು, ಯಾರಿಗೂ ಗೊತ್ತಿಲ್ಲದೆ ಮುರಿದು ಕೂಡಿದ ಹಳೆಯ ಗಾಯಗಳು, ಕುಗ್ಗಿದ ಬೆನ್ನೆಲುಬಿನ ಮಣಿಗಳನ್ನು ಹುಡುಕುತ್ತಾರೆ. ಅಗತ್ಯವಿದ್ದರೆ ಜೀನ್ ಪರೀಕ್ಷೆಯೂ ಆಗುತ್ತದೆ.

ಇನ್ನು ಚಿಕಿತ್ಸೆ. ಕಾಯಿಲೆಯನ್ನು ಬೇರುಸಹಿತ ಕೀಳುವ ಮದ್ದು ಇಂದಿಗೂ ಇಲ್ಲ. ಆದರೆ ಮಗು ಹಾಸಿಗೆಯಲ್ಲೇ ಬೆಳೆಯಬೇಕೆಂಬ ಕಾಲವೂ ಈಗಿಲ್ಲ. ಪಾಮಿಡ್ರೊನೇಟ್, ಝೊಲೆಡ್ರೊನೇಟ್ ಎಂಬ ಔಷಧಗಳನ್ನು ಕೆಲವು ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ಇವು ಎಲುಬು ಸವೆಯುವುದನ್ನು ತಗ್ಗಿಸಿ ಅದರ ಸಾಂದ್ರತೆ ಹೆಚ್ಚಿಸುತ್ತವೆ.

ತೊಡೆ, ಮೊಣಕಾಲ ಕೆಳಗಿನ ಎಲುಬುಗಳು ಬಾಗಿದ್ದರೆ, ಮತ್ತೆ ಮತ್ತೆ ಮುರಿಯುತ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕು. ಬಾಗಿದ ಎಲುಬನ್ನು ಒಂದೆರಡು ಕಡೆ, ಕೆಲವೊಮ್ಮೆ ಹೆಚ್ಚು ಕಡೆ ಕತ್ತರಿಸಿ ನೆಟ್ಟಗೆ ಮಾಡಿ, ತಸ್ಬೀಹಿನ ಮಣಿಗಳನ್ನು ದಾರಕ್ಕೆ ಪೋಣಿಸಿದಂತೆ ಒಳಗೊಂದು ಲೋಹದ ಸರಳಿಗೆ ಪೋಣಿಸುತ್ತಾರೆ. ಸೋಫೀಲ್ಡ್ ಮತ್ತು ಮಿಲ್ಲರ್ ಎಂಬ ವೈದ್ಯರು 1959ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಆದರೆ ಮಗು ಬೆಳೆಯುತ್ತದೆ, ಸರಳು ಬೆಳೆಯುವುದಿಲ್ಲ. ಸರಳಿನ ತುದಿ ದಾಟಿ ಬೆಳೆದ ಎಲುಬು ಅಲ್ಲಿಯೇ ಮುರಿಯುತ್ತಿತ್ತು. ಇದಕ್ಕಾಗಿ ಒಂದರೊಳಗೊಂದು ಜಾರುವ ಎರಡು ಭಾಗಗಳ ಸರಳುಗಳು ಬಂದವು. ಮಗು ಉದ್ದವಾದಂತೆ ಇವೂ ಹಳೆಯ ರೇಡಿಯೋದ ಆಂಟೆನಾದಂತೆ ಉದ್ದವಾಗುತ್ತವೆ. ಸರಳು ಜಾರಿಕೊಂಡರೆ, ಬಾಗಿದರೆ ಅಥವಾ ಮಗು ಅದರ ಅಳತೆ ಮೀರಿ ಬೆಳೆದರೆ ಮತ್ತೆ ಆಪರೇಷನ್ ಬೇಕಾಗಬಹುದು. ಇದನ್ನು ಮೊದಲೇ ತಿಳಿದಿರಿ, ನಡುವೆ ಎದೆಗುಂದಬೇಡಿ. ಮತ್ತೊಂದು ಮಾತು: ತಿಂಗಳುಗಟ್ಟಲೆ ಪ್ಲಾಸ್ಟರ್‌ನಲ್ಲಿ ಮಲಗಿಸಿದರೆ ಎಲುಬು ಇನ್ನಷ್ಟು ತೆಳುವಾಗುತ್ತದೆ. ಆದ್ದರಿಂದ ಬೇಗ ನಿಲ್ಲಿಸುವುದು, ಫಿಸಿಯೋಥೆರಪಿ ಮಾಡಿಸುವುದು ಕೂಡ ಚಿಕಿತ್ಸೆಯ ಭಾಗವೇ.

ಮನೆಯಲ್ಲಿ ನೀವು ಮಾಡಬೇಕಾದದ್ದೂ ಇದೆ. ಡೈಪರ್ ಬದಲಿಸುವಾಗ ಎರಡೂ ಪಾದ ಹಿಡಿದು ಮೇಲೆತ್ತಬೇಡಿ. ಪೃಷ್ಠದ ಕೆಳಗೆ ಅಂಗೈ ಇಟ್ಟು ಎತ್ತಿ. ಅಂಗಿ ತೊಡಿಸುವಾಗ ಕೈ ಎಳೆಯಬೇಡಿ, ತೋಳಿನೊಳಗೆ ನಿಮ್ಮ ಕೈ ತೂರಿಸಿ ಮಗುವಿನ ಕೈಯನ್ನು ಮೆಲ್ಲಗೆ ಹೊರತನ್ನಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಖತ್ನಾ ಮಾಡಿಸುವುದಿದ್ದರೆ ಕಾಯಿಲೆಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಆಸ್ಪತ್ರೆಯಲ್ಲೇ ಮಾಡಿಸಿ. ಕಾಲುಗಳನ್ನು ಬಿಗಿಯಾಗಿ ಅದುಮಿ ಹಿಡಿಯುವುದು ಈ ಮಗುವಿಗೆ ಅಪಾಯ.

ಈಗ ಕುಟುಂಬದ ಹಿರಿಯರಿಗೆ ಎರಡು ಮಾತು. ಎಲುಬು ಮುರಿದದ್ದಕ್ಕೆ ತಾಯಿಯನ್ನು ದೂರಬೇಡಿ. ನಾನು ಕಂಡ ಆ ಸೊಸೆ ಎರಡು ವರ್ಷ ತನ್ನ ಕೈಗಳನ್ನೇ ಶಂಕಿಸಿಕೊಂಡಿದ್ದಳು. ಮಗುವಿಗಾದ ನೋವಿನ ಮೇಲೆ ಅವಳಿಗೆ ಈ ಅಪವಾದವೂ ಸೇರಿತ್ತು. ತಪ್ಪಿಲ್ಲದವರ ಮೇಲೆ ತಪ್ಪು ಹೊರಿಸುವುದು ನಮ್ಮ ಧರ್ಮದಲ್ಲಿ ಸಣ್ಣ ವಿಷಯವಲ್ಲ. ಸೋದರಸಂಬಂಧದ ಮದುವೆಯೇ ಎಲ್ಲಕ್ಕೂ ಕಾರಣ ಎಂಬ ಮಾತೂ ಸರಿಯಲ್ಲ. ಈ ಕಾಯಿಲೆಯ ಹೆಚ್ಚಿನ ಪ್ರಕರಣಗಳು ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದಿರುತ್ತವೆ, ಇಲ್ಲವೇ ಮಗುವಿನಲ್ಲೇ ಹೊಸದಾಗಿ ಉಂಟಾಗಿರುತ್ತವೆ. ಆದರೆ ಕೆಲವು ಬಗೆಗಳು ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಕಾಣಿಸುತ್ತವೆ. ಅಂಥವು ಹತ್ತಿರದ ಸಂಬಂಧದ ಮದುವೆಗಳಲ್ಲಿ ಹೆಚ್ಚು. ಆ ಬಗೆಯಲ್ಲಿ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಇರುತ್ತದೆ. ಆದ್ದರಿಂದ ಮನೆಯಲ್ಲಿ ಇಂಥ ಒಂದು ಮಗುವಿದ್ದರೆ, ಮುಂದಿನ ಮಗುವಿಗೆ ಮೊದಲು, ಮನೆಯೊಳಗೆ ಮತ್ತೊಂದು ಸಂಬಂಧ ಕುದುರಿಸುವ ಮೊದಲು ಆನುವಂಶಿಕ ತಜ್ಞರ ಸಲಹೆ ಪಡೆಯಿರಿ. ಸೋದರಸಂಬಂಧ ಅನುಮತಿ ಇರುವಂಥದ್ದು, ಕಡ್ಡಾಯವಲ್ಲ.

ಜಮಾಅತಿನವರಿಗೂ ಒಂದು ವಿನಂತಿ. ಸರಳು, ಆಪರೇಷನ್, ಓಡಾಟದ ಖರ್ಚು ಬಡವರ ಕೈಗೆ ನಿಲುಕುವುದಲ್ಲ. ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರದ 2021ರ ನೀತಿಯಿದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಅದರಡಿ ಗುರುತಿಸಿದ ಕೇಂದ್ರಗಳಲ್ಲೊಂದು. ಯಾವ ನೆರವು ಸಿಗುತ್ತದೆ ಎಂದು ಅಲ್ಲಿ ವಿಚಾರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಚಲನವೈಕಲ್ಯದ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು. ಈ ಕಾಗದಪತ್ರಗಳಲ್ಲಿ ಜೊತೆಗೂಡಲು ಮಸೀದಿಗೊಬ್ಬ ಓದಿದ ಯುವಕ ಮುಂದೆ ಬಂದರೆ ಸಾಕು. ಹಕ್ಕುದಾರ ಕುಟುಂಬವಾಗಿದ್ದರೆ, ಉಲಮಾಗಳನ್ನು ಕೇಳಿ ಝಕಾತಿನ ಒಂದು ಪಾಲನ್ನು ಇಂಥ ಚಿಕಿತ್ಸೆಗೆ ತೆಗೆದಿಡಬಾರದೇಕೆ? ರಮಝಾನಿನಲ್ಲಿ ಹತ್ತು ಕಡೆ ಹಂಚಿಹೋಗುವ ಚಿಲ್ಲರೆ ಹಣ ಒಟ್ಟಾದರೆ ಒಂದು ಮಗು ನಿಂತೀತು.

ಅಲ್ಲಾಹನು ರೋಗಕ್ಕೆ ಮದ್ದನ್ನೂ ಇಟ್ಟಿದ್ದಾನೆ ಎಂದು ನಂಬಿದವರು ನಾವು. ಆ ಮದ್ದನ್ನು ಹುಡುಕಿಕೊಂಡು ಹೋಗುವುದು ನಂಬಿಕೆಯದೇ ಭಾಗ. ದುಆ ಮಾಡಿ, ಖಂಡಿತ ಮಾಡಿ. ಜೊತೆಗೆ ಎಕ್ಸ್‌ರೇಯನ್ನೂ ತೆಗೆಸಿ.

ಆ ಮಗುವಿನ ಒಂದು ತೊಡೆಯ ಆಪರೇಷನ್ ಆಗಿದೆ, ಇನ್ನೊಂದು ಬಾಕಿಯಿದೆ. ಮೊನ್ನೆ ಅಜ್ಜಿಯೇ ಬಂದಿದ್ದರು, ತಮ್ಮ ಮಂಡಿನೋವಿಗೆ ರೋಗನ್ ಕೇಳಲು. ಮಗು ಗೋಡೆ ಹಿಡಿದು ನಿಲ್ಲುತ್ತಿದೆಯಂತೆ. "ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ" ಎಂದರು. ಈ ಸಲ ಸಂತೋಷದಿಂದ ರೋಗನ್ ಕೊಟ್ಟೆ.